ಮಸೆಯುವುದೋ, ಮರಳಿ ಹೇಳುವುದೋ: ಹೀಬ್ರೂ ಭಾಷೆಯ ಒಂದು ಬೋಧನಾ ಕ್ರಿಯಾಪದದ ಚರಿತ್ರೆ

ಹೀಬ್ರೂ ಬೈಬಲಿನ ಧರ್ಮೋಪದೇಶಕಾಂಡದಲ್ಲಿ 6ನೇ ಅಧ್ಯಾಯದ 7ನೇ ವಚನ 'ವೆಶಿನ್ನನ್ತಾಮ್' ಎಂಬ ಕ್ರಿಯಾಪದದಿಂದ ಆರಂಭವಾಗುತ್ತದೆ. ದೇವರ ಮಾತುಗಳನ್ನು ಮಕ್ಕಳಿಗೆ ಏನು ಮಾಡಬೇಕೆಂದು ವಿಧಿಸುವ ಪದ ಅದು. ಕಲಿಸಬೇಕು ಎಂಬಷ್ಟಕ್ಕೆ ಎಲ್ಲರ ಒಪ್ಪಿಗೆಯಿದೆ. ಹೇಗೆ ಕಲಿಸಬೇಕು ಎನ್ನುವಲ್ಲಿ ಮಾತ್ರ ವ್ಯಾಖ್ಯಾನಕಾರರೂ ಅನುವಾದಕರೂ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬೇರೆಬೇರೆ ದಾರಿ ಹಿಡಿದಿದ್ದಾರೆ. ಒಂದು ಪಕ್ಷ ಈ ಪದವನ್ನು 'ಮಸೆ, ಹರಿತಗೊಳಿಸು' ಎಂಬ ಧಾತುವಿನಿಂದ ಹುಟ್ಟಿದ್ದೆಂದು ಹೇಳುತ್ತದೆ. ಇನ್ನೊಂದು ಪಕ್ಷ 'ಮರಳಿ ಮಾಡು, ಮರಳಿ ಹೇಳು' ಎಂಬ ಧಾತುವನ್ನು ಮುಂದಿಡುತ್ತದೆ.

ಇದು ಎಲ್ಲೋ ಮೂಲೆಯಲ್ಲಿ ಬಿದ್ದಿರುವ ಪದವಲ್ಲ. ಇದೇ ಅಧ್ಯಾಯದ 4ನೇ ವಚನದಿಂದ ಯೆಹೂದ್ಯರ 'ಶೆಮಾ' ಪಠಣ ಶುರುವಾಗುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅದನ್ನು ಹೇಳಬೇಕೆಂಬುದು ಕಟ್ಟಳೆ. ಬಾಗಿಲ ಕಂಬಕ್ಕೆ ಬಡಿಯುವ 'ಮೆಜೂಜಾ' ಎಂಬ ಪುಟ್ಟ ಕರಂಡಕದ ಚರ್ಮದ ಹಾಳೆಯಲ್ಲಿ ಈ ವಚನ ಇರುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ತೋಳಿಗೂ ಹಣೆಗೂ ಕಟ್ಟಿಕೊಳ್ಳುವ 'ತೆಫಿಲ್ಲೀನ್' ಪೆಟ್ಟಿಗೆಗಳಲ್ಲೂ ಇರುತ್ತದೆ. ಇಷ್ಟಾದರೂ ಈ ರೂಪದಲ್ಲಿ ಈ ಕ್ರಿಯಾಪದ ಇಡೀ ಹೀಬ್ರೂ ಬೈಬಲಿನಲ್ಲಿ ಬರುವುದು ಇದೊಂದೇ ಕಡೆ. ಹೋಲಿಸಿ ನೋಡಲು ಇನ್ನೊಂದು ಪ್ರಯೋಗವಿದ್ದಿದ್ದರೆ ಜಗಳ ಎಂದೋ ಮುಗಿಯುತ್ತಿತ್ತು.

ಹತ್ತಿರದ ಆಸರೆಯೊಂದಿದೆ. ಇದೇ ವಿಧಿ ಧರ್ಮೋಪದೇಶಕಾಂಡದ 11:19ರಲ್ಲಿ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಮತ್ತೆ ಬರುತ್ತದೆ. ಅಲ್ಲಿರುವ ಕ್ರಿಯಾಪದ 'ಲಿಮ್ಮೇದ್', ಅಂದರೆ ಕಲಿಸು ಎಂಬ ಸಾದಾ ಪದ. ಹೀಗಾಗಿ 'ವೆಶಿನ್ನನ್ತಾಮ್' ಕೂಡ ಕಲಿಸುವ ಮಾತೇ ಎಂಬುದು ಗ್ರಂಥದೊಳಗಿಂದಲೇ ಖಚಿತವಾಗುತ್ತದೆ. ಯಾವ ಬಗೆಯ ಕಲಿಸುವಿಕೆ ಎಂಬುದನ್ನು ಆ ಸಮಾನ ವಚನ ಹೇಳುವುದಿಲ್ಲ.

ಮಸೆಯುವ ಧಾತು

ಸೆಮಿಟಿಕ್ ಭಾಷೆಗಳ ಕ್ರಿಯಾಪದಗಳು ಬಹುಮಟ್ಟಿಗೆ ಮೂರು ವ್ಯಂಜನಗಳ ಧಾತುವಿನ ಮೇಲೆ ನಿಂತಿರುತ್ತವೆ. ಸ್ವರಗಳನ್ನು ಬದಲಿಸಿ, ವ್ಯಂಜನಗಳನ್ನು ಇಮ್ಮಡಿಸಿ, ಹಿಂದೆ ಮುಂದೆ ಪ್ರತ್ಯಯ ಹಚ್ಚಿ ಅದೇ ಧಾತುವಿನಿಂದ ಹತ್ತಾರು ರೂಪ ಮಾಡಿಕೊಳ್ಳುತ್ತಾರೆ. ನಮ್ಮ ಪದದಲ್ಲಿ ಕಣ್ಣಿಗೆ ಕಾಣುವ ಧಾತು ಶ್-ನ್-ನ್. ನಡುವಿನ ವ್ಯಂಜನ ದ್ವಿತ್ವವಾಗುವ 'ಪಿಯೆಲ್' ಎಂಬ ವರ್ಗಕ್ಕೆ ಇದು ಸೇರಿದೆ. 'ಲಿಮ್ಮೇದ್' ಕೂಡ ಅದೇ ವರ್ಗದ್ದು.

ಶ್-ನ್-ನ್ ಧಾತು ದ್ವಿತ್ವವಿಲ್ಲದ ಸಾದಾ ರೂಪದಲ್ಲಿ ಬೈಬಲಿನ ಹಲವೆಡೆ ಸಿಗುತ್ತದೆ, ಸಿಕ್ಕಲ್ಲೆಲ್ಲ ಅದರ ಕೈಯಲ್ಲಿ ಆಯುಧ. ಧರ್ಮೋಪದೇಶಕಾಂಡದ 32:41ರಲ್ಲಿ ದೇವರು ಮಿಂಚುವ ಖಡ್ಗವನ್ನು ಮಸೆಯುವುದು ಈ ಧಾತುವಿನಿಂದಲೇ. ಕೀರ್ತನೆಗಳಲ್ಲಿ ದುಷ್ಟರು ನಾಲಿಗೆಯನ್ನು ಕತ್ತಿಯಂತೆ ಮಸೆಯುತ್ತಾರೆ. ಯೆಶಾಯನ ಗ್ರಂಥದಲ್ಲೂ ಜ್ಞಾನೋಕ್ತಿಗಳಲ್ಲೂ 'ಶಾನೂನ್' ಎಂದರೆ ಹರಿತವಾದ ಬಾಣ. ಹಲ್ಲಿಗೆ ಹೀಬ್ರೂವಿನಲ್ಲಿ 'ಶೇನ್' ಎನ್ನುತ್ತಾರೆ, ಅದನ್ನೂ ಈ ಕುಟುಂಬಕ್ಕೇ ಸೇರಿಸುವುದು ವಾಡಿಕೆ. ಇದನ್ನೆಲ್ಲ ಎದುರಿಗಿಟ್ಟುಕೊಂಡೇ ಬ್ರೌನ್, ಡ್ರೈವರ್, ಬ್ರಿಗ್ಸ್ ಅವರ ಪ್ರಸಿದ್ಧ ಹೀಬ್ರೂ ಕೋಶ (1906) ನಮ್ಮ ಪದವನ್ನು ಮಸೆಯುವ ಧಾತುವಿನ ಕೆಳಗಿಟ್ಟು, ಮನಸ್ಸಿಗೆ ನಾಟುವಂತೆ ಬೋಧಿಸು ಎಂಬ ಅರ್ಥ ಕೊಟ್ಟಿತು.

ಈ ವಾದದಲ್ಲಿ ಒಂದು ತೊಡಕಿದೆ. ವಾಕ್ಯದಲ್ಲಿ ಮಸೆಯಬೇಕಾದ ವಸ್ತು ಯಾವುದು? ಮಕ್ಕಳನ್ನು ಮಸೆ ಎಂದಿದ್ದರೆ ಬುದ್ಧಿ ಚುರುಕುಗೊಳಿಸು ಎಂದು ಸರಳವಾಗಿ ಹೇಳಿಬಿಡಬಹುದಿತ್ತು. ಹೀಬ್ರೂ ವಾಕ್ಯದಲ್ಲಿ ಕರ್ಮಪದ 'ಅವುಗಳನ್ನು', ಅಂದರೆ ಮಾತುಗಳನ್ನು. ಮಕ್ಕಳು ಬರುವುದು 'ಮಕ್ಕಳಿಗೆ' ಎಂಬ ಚತುರ್ಥಿಯಲ್ಲಿ. ಮಾತುಗಳನ್ನು ಮಕ್ಕಳಿಗೆ ಮಸೆ ಎಂಬುದು ಯಾವ ಭಾಷೆಯಲ್ಲಿ ಹೇಳಿದರೂ ಕುಂಟುತ್ತದೆ. ಮಾತುಗಳನ್ನು ಮಕ್ಕಳಿಗೆ ಮರಳಿ ಮರಳಿ ಹೇಳು ಎಂದರೆ ಕುಂಟುವುದಿಲ್ಲ.

ಇನ್ನೊಂದು ಸಾಕ್ಷಿಯನ್ನು ಕೋಶಕಾರರು ಬೇಗ ದಾಟಿಹೋಗುತ್ತಾರೆ. 'ಶೆನೀನಾ' ಎಂಬ ನಾಮಪದ ಧರ್ಮೋಪದೇಶಕಾಂಡ 28:37ರಲ್ಲಿ, 1 ಅರಸುಗಳು 9:7ರಲ್ಲಿ, ಯೆರೆಮೀಯನ ಗ್ರಂಥದಲ್ಲಿ ಬರುತ್ತದೆ. ದೇವರ ಆಜ್ಞೆ ಮೀರಿದ ಜನ ಪರರಾಷ್ಟ್ರಗಳ ನಡುವೆ 'ಮಾಶಾಲ್' ಮತ್ತು 'ಶೆನೀನಾ' ಆಗುತ್ತಾರೆ ಎಂಬುದು ಅಲ್ಲಿನ ಎಚ್ಚರಿಕೆ. ಮಾಶಾಲ್ ಎಂದರೆ ಗಾದೆ. ಶೆನೀನಾ ಎಂದರೆ ಚುಚ್ಚುಮಾತು ಎಂದು ಮಸೆಯುವ ಪಕ್ಷದವರು ಅರ್ಥ ಮಾಡುತ್ತಾರೆ. ಗಾದೆಯ ಪಕ್ಕದಲ್ಲಿ ಕೂತಿರುವ ಪದ ಎಲ್ಲರ ಬಾಯಲ್ಲೂ ಮತ್ತೆಮತ್ತೆ ಓಡಾಡುವ ಮಾತು ಎಂದಾಗಿರುವುದು ಹೆಚ್ಚು ಸಹಜವೆಂದು ನನಗೆ ತೋರುತ್ತದೆ. ಹಾಗಿದ್ದರೆ ಶ್-ನ್-ನ್ ರೂಪದಲ್ಲಿ 'ಮರಳಿ ಹೇಳು' ಎಂಬ ಅರ್ಥಕ್ಕೆ ಬೈಬಲಿನಲ್ಲೇ ಇನ್ನೊಂದು ಜಾಗ ಸಿಕ್ಕಂತಾಯಿತು.

ಎರಡು ಧ್ವನಿಗಳು ಒಂದಾದದ್ದು

ತೊಡಕಿನ ಬೇರು ಧ್ವನಿಯ ಚರಿತ್ರೆಯಲ್ಲಿದೆ. ಮೂಲ ಸೆಮಿಟಿಕ್ ಭಾಷೆಯಲ್ಲಿ ಬೇರೆಬೇರೆಯಾಗಿದ್ದ ಎರಡು ಧ್ವನಿಗಳು ಹೀಬ್ರೂವಿನಲ್ಲಿ ಒಂದೇ 'ಶ್' ಆಗಿಬಿಟ್ಟವು. ನೆರೆಯ ಭಾಷೆಗಳು ಅವನ್ನು ಬೇರೆಯಾಗಿಯೇ ಉಳಿಸಿಕೊಂಡವು. ಹಲ್ಲಿಗೆ ಅರಬ್ಬಿಯಲ್ಲಿ 'ಸಿನ್ನ್', ಅರಮಾಯಿಕ್‌ನಲ್ಲಿ 'ಶಿನ್ನಾ'. ಮಸೆಯುವುದಕ್ಕೆ ಅರಬ್ಬಿ 'ಸನ್ನ'. ಇದು ಒಂದು ಧ್ವನಿಯ ಸಾಲು. ಎರಡು ಎಂಬ ಸಂಖ್ಯೆಗೆ ಬಂದರೆ ಸಾಲು ಬದಲಾಗುತ್ತದೆ. ಹೀಬ್ರೂವಿನ 'ಶ್ನಯಿಮ್'ಗೆ ಅರಬ್ಬಿಯಲ್ಲಿ 'ಇಥ್ನಾನ್', ಎರಡನೆಯದು ಎನ್ನುವುದಕ್ಕೆ ಅರಬ್ಬಿಯಲ್ಲಿ 'ಥಾನಿ', ಅರಮಾಯಿಕ್‌ನಲ್ಲಿ 'ತಿನ್ಯಾನಾ'. ಅಂದರೆ ಅರಬ್ಬಿಯ ಥಕಾರ, ಅರಮಾಯಿಕ್‌ನ ತಕಾರ ಎಲ್ಲಿ ಕಾಣುತ್ತವೋ ಅಲ್ಲಿ 'ಎರಡು, ಮರಳಿ' ಎಂಬ ಧಾತು ಇದೆ. ಸಕಾರ ಶಕಾರಗಳು ಕಂಡಲ್ಲಿ 'ಹಲ್ಲು, ಹರಿತ' ಎಂಬ ಧಾತು ಇದೆ. ಹೀಬ್ರೂ ಮಾತಾಡುವವನ ಕಿವಿಗೆ ಮಾತ್ರ ಎರಡೂ ಒಂದೇ.

ಆ ಥಕಾರದ ಕುಟುಂಬ ಕನ್ನಡ ನಾಡಿಗೂ ಬಂದಿದೆ. ಪಾರಸಿ ಮತ್ತು ಉರ್ದು ಉಚ್ಚಾರದಲ್ಲಿ ಅರಬ್ಬಿಯ ಥಕಾರ ಸಕಾರವಾಗುತ್ತದೆ. ಬಿಜಾಪುರದ ಎರಡನೆಯ ಅಲಿ ಆದಿಲ್‌ಶಹನನ್ನು ಉರ್ದು ಚರಿತ್ರೆಗಳು 'ಅಲಿ ಆದಿಲ್ ಶಾಹ್ ಸಾನಿ' ಎನ್ನುತ್ತವಲ್ಲ, ಆ 'ಸಾನಿ' ಇದೇ ಥಾನಿ. ಎರಡೆರಡು ಸಾಲುಗಳ ಪ್ರಾಸದ 'ಮಸ್ನವಿ' ಕೂಡ ಇದೇ ಧಾತುವಿನ ಕೂಸು. ಕುರಾನಿನಲ್ಲಿ (15:87) ಬರುವ 'ಮಸಾನಿ' ಎಂಬ ಪದವನ್ನು ಮತ್ತೆಮತ್ತೆ ಪಠಿಸುವಂಥವು ಎಂದು ಅರ್ಥೈಸುವ ದೊಡ್ಡ ಪರಂಪರೆ ಇದೆ. ಅಬ್ರಹಾಂ ಗೈಗರ್ ಎಂಬ ಜರ್ಮನ್ ಯೆಹೂದ್ಯ ವಿದ್ವಾಂಸ 1833ರ ತನ್ನ ಗ್ರಂಥದಲ್ಲಿ ಈ ಪದವನ್ನು ಯೆಹೂದ್ಯರ ಬಾಯಿಪಾಠದ ಧರ್ಮಶಾಸ್ತ್ರವಾದ 'ಮಿಶ್ನಾ'ಗೆ ಜೋಡಿಸಿದ. ಎರವಲೋ ಅಲ್ಲವೋ, ಧಾತು ಒಂದೇ.

ಈ ಧಾತು ಮಾತಿಗೆ ಸಂಬಂಧಿಸಿ ಎಷ್ಟು ಹಳೆಯದು ಎಂಬುದಕ್ಕೆ ಪುರಾವೆ ಸಿಕ್ಕಿದ್ದು ಸಿರಿಯಾದ ಕರಾವಳಿಯ ರಾಸ್ ಶಮ್ರಾದಲ್ಲಿ. 1929ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ಉಗಾರಿತ್ ಎಂಬ ಪ್ರಾಚೀನ ನಗರವೂ ಕ್ರಿ.ಪೂ. 14–13ನೇ ಶತಮಾನಗಳ ಜೇಡಿಮಣ್ಣಿನ ಹಲಗೆಗಳೂ ಹೊರಬಂದವು. ಆ ಹಲಗೆಗಳ ಕಾವ್ಯಗಳಲ್ಲಿ ದೇವತೆಗಳು ದೂತರನ್ನು ಅಟ್ಟುವಾಗ ಒಂದು ಸಿದ್ಧ ಸೂತ್ರ ಬಳಸುತ್ತಾರೆ. ಮೊದಲ ಅರ್ಧದಲ್ಲಿ 'ಹೇಳು' ಎಂಬ ಕ್ರಿಯಾಪದ, ಎರಡನೆಯ ಅರ್ಧದಲ್ಲಿ ಅದಕ್ಕೆ ಜೋಡಿಯಾಗಿ ಥ್-ನ್-ಯ್ ಧಾತು, ಅಂದರೆ 'ಮರಳಿ ನುಡಿ'. ದೂತನ ಕೆಲಸವೇ ಅದು: ಒಡೆಯನ ಬಾಯಿಂದ ಕೇಳಿದ್ದನ್ನು ಒಂದಕ್ಷರ ಕೂಡಿಸದೆ ಕಳೆಯದೆ ಇನ್ನೊಬ್ಬನ ಮುಂದೆ ಒಪ್ಪಿಸುವುದು. ಬೋಧನೆಯ ಅರ್ಥಕ್ಕೆ ಈ ಧಾತು ಬರುವ ಸಾವಿರ ವರ್ಷ ಮೊದಲೇ ಅದರಲ್ಲಿ ಪರರ ಮಾತನ್ನು ಹಾಗ್ಹಾಗೇ ಒಪ್ಪಿಸುವ ಭಾವ ಕೂತಿತ್ತೆಂಬುದು ಮುಂದಿನ ಚರಿತ್ರೆಗೆ ಮುಖ್ಯ.

ಹೀಬ್ರೂವಿನಲ್ಲಿ ಇದರ ಸಾಮಾನ್ಯ ರೂಪ ಶ್-ನ್-ಹ್, 'ಶಾನಾ'. ನಮ್ಮ ಪದದಲ್ಲಿರುವುದು ಶ್-ನ್-ನ್. ಕೊನೆಯ ವ್ಯಂಜನ ಬೇರೆಯಾಗಿರುವಾಗ ಒಂದೇ ಧಾತು ಎನ್ನುವುದು ಹೇಗೆ? ಹೀಬ್ರೂವಿನಲ್ಲಿ ಇಂಥ ಅವಳಿ ಧಾತುಗಳು ಅಪರೂಪವೇನಲ್ಲ. ಹೆಚ್ಚಾಗು ಎನ್ನಲು ರ್-ಬ್-ಬ್ ಕೂಡ ಇದೆ, ರ್-ಬ್-ಹ್ ಕೂಡ ಇದೆ. ತಪ್ಪು ಎನ್ನಲು ಶ್-ಗ್-ಗ್, ಶ್-ಗ್-ಹ್ ಎರಡೂ ಇವೆ. ಕೋಲರ್ ಮತ್ತು ಬೌಮ್‌ಗಾರ್ಟ್‌ನರ್ ಅವರ ಕೋಶ ಇದೇ ಜಾಡಿನಲ್ಲಿ ಧರ್ಮೋಪದೇಶಕಾಂಡ 6:7ಕ್ಕೆಂದೇ 'ಮರಳಿ ಹೇಳು' ಅರ್ಥದ ಎರಡನೆಯ ಶ್-ನ್-ನ್ ಧಾತುವನ್ನು ಪ್ರತ್ಯೇಕವಾಗಿ ಕೊಟ್ಟಿದೆ.

ನನ್ನ ಕಣ್ಣಿಗೆ ಎಲ್ಲಕ್ಕಿಂತ ತೂಕದ ಸಾಕ್ಷಿ ಓಂಕೆಲೋಸನ ಹೆಸರಿನಲ್ಲಿರುವ ಅರಮಾಯಿಕ್ ಅನುವಾದ. ಸಭಾಮಂದಿರಗಳಲ್ಲಿ ಹೀಬ್ರೂ ವಚನದ ಬೆನ್ನಿಗೇ ಹೇಳುತ್ತಿದ್ದ ಅನುವಾದ ಅದು. ಅರಮಾಯಿಕ್‌ನಲ್ಲಿ ಎರಡು ಧ್ವನಿಗಳೂ ಬೇರೆಬೇರೆ ಎಂದೆನಲ್ಲ. ಆದ್ದರಿಂದ ಅನುವಾದಕ ನುಣುಚಿಕೊಳ್ಳುವಂತಿಲ್ಲ; ತಕಾರವನ್ನೋ ಶಕಾರವನ್ನೋ ಆರಿಸಲೇಬೇಕು. ಅವನು ಆರಿಸಿದ್ದು ತಕಾರದ ಧಾತುವನ್ನು, ಮರಳಿ ಹೇಳುವುದನ್ನು. ಅದೇ ವಚನದ ಉತ್ತರಾರ್ಧವೂ ಅವನ ಕಡೆಗಿದೆ: ಮನೆಯಲ್ಲಿ ಕೂತಾಗ, ದಾರಿ ನಡೆವಾಗ, ಮಲಗುವಾಗ, ಏಳುವಾಗ ಆ ಮಾತುಗಳನ್ನು ಆಡುತ್ತಿರಬೇಕು ಎಂದು ಅಲ್ಲಿ ವಿಧಿಸಿದೆ. ಪುನರಾವರ್ತನೆಯ ದಿನಚರಿಯನ್ನು ಬಿಡಿಸಿ ಹೇಳಿದಂತಿದೆ.

ಹೀಗೆ ನೋಡಿದರೆ 6:7ರ ಪದಕ್ಕೆ 'ಮರಳಿ ಮರಳಿ ಹೇಳಿ ಕಲಿಸು' ಎಂಬ ಅರ್ಥವೇ ಸರಿ. ಅದೇ ಗ್ರಂಥದ 32ನೇ ಅಧ್ಯಾಯದಲ್ಲಿ ಖಡ್ಗ ಮಸೆಯುವ ಸದ್ದನ್ನು ಕೇಳಿದ್ದವರ ಕಿವಿಗೆ ಆ ಅನುರಣನವೂ ಬಿದ್ದೇ ಇದ್ದೀತು, ಅದನ್ನು ಅಲ್ಲಗಳೆಯಬೇಕಿಲ್ಲ.

ಓದುವುದು ಬೇರೆ, ಶಾನಾ ಬೇರೆ

ಬೈಬಲಿನ ಕಾಲದಲ್ಲಿ 'ಶಾನಾ' ಕ್ರಿಯಾಪದ ಪಾಠಶಾಲೆಯನ್ನು ಕಂಡಿರಲಿಲ್ಲ. ಆದಿಕಾಂಡದಲ್ಲಿ ಫರೋಹನ ಕನಸು ಎರಡು ಸಲ ಬಿದ್ದದ್ದನ್ನು ಹೇಳಲು ಅದು ಬಳಕೆಯಾಗಿದೆ. ಒಂದನೆಯ ಅರಸುಗಳ ಗ್ರಂಥದಲ್ಲಿ (18:34) ಕರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯನು ಯಜ್ಞಪಶುವಿನ ಮೇಲೆ ನೀರು ಸುರಿಸಿ, ಎರಡನೆಯ ಸಲ ಸುರಿಯಿರಿ ಎನ್ನಲು 'ಶೆನು' ಎನ್ನುತ್ತಾನೆ, ಮೂರನೆಯ ಸಲಕ್ಕೆ 'ಶಲ್ಲೇಶು' ಎನ್ನುತ್ತಾನೆ. ಎರಡಾಗಿಸು, ಮೂರಾಗಿಸು ಎಂದಂತೆ. ಮಾತನ್ನು ಮರಳಿ ಹೇಳುವ ಅರ್ಥದಲ್ಲಿ ಜ್ಞಾನೋಕ್ತಿಗಳ 17:9ರಲ್ಲಿ ಇದು ಸಿಗುತ್ತದೆ, ಆದರೆ ಅಲ್ಲಿರುವವನು ಗುರುವಲ್ಲ. ಮುಗಿದ ವಿಷಯವನ್ನು ಕೆದಕಿ ಕೆದಕಿ ಆಡಿ ಸ್ನೇಹ ಮುರಿಯುವ ಚಾಡಿಕೋರ.

ಕ್ರಿಸ್ತಶಕದ ಆರಂಭದ ಹೊತ್ತಿಗೆ ಚಿತ್ರ ಪೂರ್ತಿ ಬದಲಾಗಿದೆ. ರಬ್ಬಿಗಳ ಹೀಬ್ರೂವಿನಲ್ಲಿ ಎರಡು ಕ್ರಿಯಾಪದಗಳು ಕೆಲಸ ಹಂಚಿಕೊಂಡವು. ಬರೆದಿಟ್ಟ ಶಾಸ್ತ್ರವನ್ನು ಗಟ್ಟಿಯಾಗಿ ಓದುವುದಕ್ಕೆ 'ಕಾರಾ', ಅದರಿಂದ ಬಂದ ಹೆಸರು 'ಮಿಕ್ರಾ', ಎಂದರೆ ಬೈಬಲ್. ಬಾಯಿಂದ ಬಾಯಿಗೆ ಬಂದ ಧರ್ಮಶಾಸ್ತ್ರವನ್ನು ಕಂಠಪಾಠದಿಂದ ಒಪ್ಪಿಸುವುದಕ್ಕೆ 'ಶಾನಾ', ಅದರಿಂದ ಬಂದ ಹೆಸರು 'ಮಿಶ್ನಾ'. ಕಲಿಯುವವನೂ ಶಾನಾ ಮಾಡುತ್ತಾನೆ, ಕಲಿಸುವವನೂ ಶಾನಾ ಮಾಡುತ್ತಾನೆ. ಇಬ್ಬರ ಕೆಲಸವೂ ಮೇಲ್ನೋಟಕ್ಕೆ ಒಂದೇ. ಬರೆದದ್ದನ್ನು ನೋಡದೆ ಹೇಳಬಾರದು, ಬಾಯಿಪಾಠದ್ದನ್ನು ಬರಹದಿಂದ ಹೇಳಬಾರದು ಎಂಬ ನಿಯಮವನ್ನು, ಮಿಶ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಲ್ಮೂದಿನ 'ಗಿಟ್ಟೀನ್' ಪ್ರಕರಣ (60ಬಿ) ದಾಖಲಿಸಿದೆ. ರಾಗವಿಲ್ಲದೆ ಓದುವವನನ್ನೂ ಧಾಟಿಯಿಲ್ಲದೆ ಒಪ್ಪಿಸುವವನನ್ನೂ 'ಮೆಗಿಲ್ಲಾ' ಪ್ರಕರಣ (32ಎ) ಹೀಗಳೆಯುತ್ತದೆ. ಅಲ್ಲಿಯೂ ಓದುವುದಕ್ಕೆ ಕಾರಾ, ಒಪ್ಪಿಸುವುದಕ್ಕೆ ಶಾನಾ.

ರಬ್ಬಿ ಯೆಹೂದಾ ಹನಾಸಿ ಗಲಿಲಾಯದಲ್ಲಿ ಕ್ರಿ.ಶ. 200ರ ಸುಮಾರಿಗೆ ಸಂಕಲಿಸಿದ ಮಿಶ್ನಾದಲ್ಲಿ ಆರು ವಿಭಾಗಗಳು, ಈಗಿನ ಎಣಿಕೆಯಂತೆ 63 ಪ್ರಕರಣಗಳು. ಬಾಯಿಪಾಠಕ್ಕೆಂದು ಕಟ್ಟಿದ ಗ್ರಂಥ ಹೇಗಿರುತ್ತದೆಂದು ನೋಡಲು 'ಶಬ್ಬಾತ್' ಪ್ರಕರಣದ 7:2 ಸಾಕು. ವಿಶ್ರಾಂತಿಯ ದಿನ ಮಾಡಬಾರದ ಕೆಲಸಗಳ ಪಟ್ಟಿ ಅದು. ಮೊದಲಿಗೆ ಲೆಕ್ಕ ಹೇಳುತ್ತದೆ, ನಲವತ್ತಕ್ಕೆ ಒಂದು ಕಡಿಮೆ ಎಂದು. ಆಮೇಲೆ ರೊಟ್ಟಿಯ ದಾರಿ ಹಿಡಿಯುತ್ತದೆ: ಬಿತ್ತುವುದು, ಉಳುವುದು, ಕೊಯ್ಯುವುದು, ಕಟ್ಟುವುದು, ಒಕ್ಕುವುದು, ತೂರುವುದು, ಆರಿಸುವುದು, ಬೀಸುವುದು, ಜರಡಿ ಹಿಡಿಯುವುದು, ನಾದುವುದು, ಸುಡುವುದು. ಹನ್ನೊಂದಾಯಿತು. ಮುಂದೆ ಉಣ್ಣೆ ಕತ್ತರಿಸುವುದರಿಂದ ಬಟ್ಟೆಯ ದಾರಿ, ಹದಿಮೂರು. ಜಿಂಕೆ ಹಿಡಿಯುವುದರಿಂದ ಚರ್ಮ ಹದಮಾಡಿ ಅಕ್ಷರ ಬರೆದು ಅಳಿಸುವವರೆಗೆ ಒಂಬತ್ತು. ಉಳಿದ ಆರರಲ್ಲಿ ಕಟ್ಟುವುದು–ಕೆಡವುವುದು, ಆರಿಸುವುದು–ಹೊತ್ತಿಸುವುದು ಎಂಬ ಜೋಡಿಗಳು. ಕೊನೆಯಲ್ಲಿ ಮತ್ತೆ ಅದೇ ಲೆಕ್ಕ. ಮನೆಯ ಕೆಲಸ ಬಲ್ಲ ಯಾರಿಗಾದರೂ ಒಂದು ಕೆಲಸ ಮುಂದಿನ ಕೆಲಸವನ್ನು ತಾನಾಗಿ ನೆನಪಿಗೆ ತರುತ್ತದೆ. ಎಣಿಕೆ ತಪ್ಪಿದರೆ ಎಲ್ಲೋ ಒಂದು ಬಿಟ್ಟುಹೋಗಿದೆ ಎಂದು ಗೊತ್ತಾಗುತ್ತದೆ.

ಹೊರಗಿನವರು ಈ ಪದವನ್ನು ಹೇಗೆ ಕೇಳಿಸಿಕೊಂಡರು ಎಂಬುದಕ್ಕೂ ದಾಖಲೆಯಿದೆ. ಗ್ರೀಕ್ ಬಲ್ಲ ಕ್ರೈಸ್ತರು ಮಿಶ್ನಾ ಪರಂಪರೆಯನ್ನು 'ದೆಉತೆರೋಸಿಸ್' ಎಂದರು. 'ದೆಉತೆರೋಸ್' ಎಂದರೆ ಎರಡನೆಯದು. ಬೈಜಾಂಟಿಯಮ್ ಚಕ್ರವರ್ತಿ ಜಸ್ಟಿನಿಯನ್ 553ರಲ್ಲಿ ಹೊರಡಿಸಿದ 146ನೇ ನೊವೆಲ್ಲಾ ಶಾಸನದಲ್ಲಿ ಸಭಾಮಂದಿರಗಳಲ್ಲಿ ಗ್ರೀಕ್ ಬೈಬಲ್ ಓದಲು ಅನುಮತಿ ಕೊಟ್ಟು, ದೆಉತೆರೋಸಿಸ್ಸನ್ನು ನಿಷೇಧಿಸಿದ. ಒಂದು ಕ್ರಿಯಾಪದದಿಂದ ಹುಟ್ಟಿದ ಕಲಿಕೆಯ ಕ್ರಮಕ್ಕೆ ಸಾಮ್ರಾಜ್ಯವೊಂದು ಕಾನೂನಿನ ತಡೆ ಒಡ್ಡಿದ ಉದಾಹರಣೆಗಳು ಭಾಷೆಗಳ ಚರಿತ್ರೆಯಲ್ಲಿ ಹೆಚ್ಚಿರಲಾರವು.

ನಾಲ್ಕು, ನೂರೊಂದು, ನಾನೂರು

ಎಷ್ಟು ಸಲ ಹೇಳಿದರೆ ಕಲಿಸಿದಂತೆ? ಬಾಬೆಲಿನ ತಲ್ಮೂದ್ ಈ ಪ್ರಶ್ನೆಯನ್ನು 'ಏರುವೀನ್' ಪ್ರಕರಣದಲ್ಲಿ (54ಬಿ) ನೇರವಾಗಿ ಎತ್ತಿಕೊಳ್ಳುತ್ತದೆ. ಉತ್ತರ ಶುರುವಾಗುವುದು ಒಂದು ದೃಶ್ಯದಿಂದ: ಮೋಶೆ ದೇವರಿಂದ ಕಲಿತ. ಆರೋನ ಒಳಬಂದ, ಮೋಶೆ ಅವನಿಗೆ ಪಾಠ ಹೇಳಿದ. ಆರೋನ ಸರಿದು ಕೂತ. ಅವನ ಮಕ್ಕಳು ಬಂದರು, ಅವರಿಗೆ ಮತ್ತೆ ಅದೇ ಪಾಠ. ಆಮೇಲೆ ಹಿರಿಯರು, ಆಮೇಲೆ ಸಮಸ್ತ ಜನ. ಅಷ್ಟಾಗುವಾಗ ಆರೋನ ನಾಲ್ಕು ಸಲ, ಮಕ್ಕಳು ಮೂರು ಸಲ, ಹಿರಿಯರು ಎರಡು ಸಲ, ಜನ ಒಮ್ಮೆ ಕೇಳಿದಂತಾಯಿತು. ಮೋಶೆ ಎದ್ದುಹೋದ ಮೇಲೆ ಆರೋನ, ಅವನ ನಂತರ ಮಕ್ಕಳು, ಅವರ ನಂತರ ಹಿರಿಯರು ಅದೇ ಪಾಠ ಒಪ್ಪಿಸಿದರು. ಕೊನೆಗೆ ಎಲ್ಲರ ಪಾಲಿಗೂ ನಾಲ್ಕು ನಾಲ್ಕು. ಇದರಿಂದ ರಬ್ಬಿ ಎಲಿಯೇಜರ್ ಶಿಷ್ಯನಿಗೆ ನಾಲ್ಕು ಸಲ ಹೇಳಿಕೊಡಬೇಕೆಂಬ ನಿಯಮ ತೆಗೆದ. ರಬ್ಬಿ ಅಕೀವಾ ಲೆಕ್ಕವನ್ನೇ ಬಿಟ್ಟುಬಿಟ್ಟ: ಶಿಷ್ಯನಿಗೆ ಬರುವ ತನಕ, ಅವನ ಬಾಯಲ್ಲಿ ಪಾಠ ಕ್ರಮವಾಗಿ ಕೂರುವ ತನಕ ಹೇಳಬೇಕು.

ಅದೇ ಪುಟದಲ್ಲಿ ರಬ್ಬಿ ಪೆರೇದಾನ ಕಥೆ ಬರುತ್ತದೆ. ಅವನಿಗೊಬ್ಬ ಶಿಷ್ಯ, ಪ್ರತಿ ಪಾಠವನ್ನೂ ನಾನೂರು ಸಲ ಹೇಳಿದರೆ ಮಾತ್ರ ತಲೆಗೆ ಹತ್ತುತ್ತಿತ್ತು. ಇಲ್ಲಿ ಬಳಸಿರುವ ಕ್ರಿಯಾಪದ ಅರಮಾಯಿಕ್‌ನ ತ್-ನ್-ಯ್. ಒಂದು ದಿನ ಗುರುವನ್ನು ಯಾವುದೋ ಪುಣ್ಯಕಾರ್ಯಕ್ಕೆ ಕರೆದರು. ಪಾಠ ಎಂದಿನಂತೆ ನಾನೂರು ಸಲ ನಡೆಯಿತು, ಹುಡುಗನಿಗೆ ಬರಲಿಲ್ಲ. ಗುರು ಈಗ ಏಳುತ್ತಾರೆ, ಇನ್ನೇನು ಹೊರಡುತ್ತಾರೆ ಎಂದು ತಾನು ಆ ಹೊತ್ತೆಲ್ಲ ಯೋಚಿಸುತ್ತಿದ್ದೆ ಎಂದ ಹುಡುಗ. ಪೆರೇದಾ ಗದರಲಿಲ್ಲ. ಮನಸ್ಸಿಟ್ಟು ಕೇಳು ಎಂದು ಇನ್ನೂ ನಾನೂರು ಸಲ ಹೇಳಿದ. ಕಥೆಯಲ್ಲಿ ಮುಂದೆ ಆಕಾಶವಾಣಿ, ವರ ಎಲ್ಲ ಬರುತ್ತವೆ. ನನಗೆ ಅವುಗಳಿಗಿಂತ ಆ ಹುಡುಗನ ಉತ್ತರ ಹೆಚ್ಚು ನಂಬುವಂತಿದೆ. ಪುನರಾವರ್ತನೆ ತಾನಾಗಿ ಕೆಲಸ ಮಾಡುವುದಿಲ್ಲ, ಮನಸ್ಸು ಬಾಗಿಲ ಕಡೆಗಿದ್ದರೆ ನಾನೂರೂ ವ್ಯರ್ಥ ಎಂಬುದನ್ನು ಪುನರಾವರ್ತನೆಯನ್ನೇ ಹೊಗಳುವ ಕಥೆ ಒಪ್ಪಿಕೊಂಡಿದೆ.

'ಹಗಿಗಾ' ಪ್ರಕರಣದಲ್ಲಿ (9ಬಿ) ಹಿಲ್ಲೇಲ್ ಎಂಬ ಪಂಡಿತ ನೂರು ಸಲ ಪಾಠ ಹೇಳಿದವನಿಗೂ ನೂರೊಂದು ಸಲ ಹೇಳಿದವನಿಗೂ ವ್ಯತ್ಯಾಸವಿದೆ ಎನ್ನುತ್ತಾನೆ. ಒಂದೇ ಒಂದು ಸಲಕ್ಕೆ ಇಷ್ಟು ವ್ಯತ್ಯಾಸವೇ ಎಂದು ಕೇಳಿದವನಿಗೆ ಕತ್ತೆ ಬಾಡಿಗೆಯ ಸಂತೆಗೆ ಹೋಗಿ ನೋಡು ಎಂದ: ಹತ್ತು ಪರಸಂಗ ದೂರಕ್ಕೆ ಒಂದು ಜೂಜ್ ನಾಣ್ಯ, ಹನ್ನೊಂದಾದರೆ ಎರಡು ಜೂಜ್. ರೇಶ್ ಲಾಕಿಶ್ ತನ್ನ ಗುರು ರಬ್ಬಿ ಯೋಹಾನಾನ್ ಬಳಿ ಹೋಗುವ ಮುನ್ನ ಪಾಠವನ್ನು ನಲವತ್ತು ಸಲ ತಿರುವಿಕೊಳ್ಳುತ್ತಿದ್ದನೆಂದು 'ತಾಅನೀತ್' (8ಎ) ತಿಳಿಸುತ್ತದೆ. ಬಾಯಿಬಿಟ್ಟು ಹೇಳುವುದೂ ಕಡ್ಡಾಯ. ಪಿಸುಗುಟ್ಟಿಕೊಂಡು ಓದುತ್ತಿದ್ದ ವಿದ್ಯಾರ್ಥಿಯನ್ನು ವಿದುಷಿ ಬೆರೂರಿಯಾ ಕಾಲಿನಿಂದ ಒದ್ದಳೆಂದು ಏರುವೀನ್ ಹೇಳುತ್ತದೆ. ಹೀಬ್ರೂ ಪಾಂಡಿತ್ಯದ ಚರಿತ್ರೆಯಲ್ಲಿ ಹೆಸರು ಉಳಿಸಿಕೊಂಡ ಬೆರಳೆಣಿಕೆಯ ಹೆಂಗಸರಲ್ಲಿ ಆಕೆ ಒಬ್ಬಳು.

ಒಪ್ಪಿಸುವವನ ಗೌರವ, ಒಪ್ಪಿಸುವವನ ಅಪಕೀರ್ತಿ

ಅರಮಾಯಿಕ್‌ನ ತ್-ನ್-ಯ್ ಧಾತುವಿನಿಂದ 'ತನ್ನಾ' ಎಂಬ ಕರ್ತೃಪದ ಹುಟ್ಟಿತು. ಬಹುವಚನ 'ತನ್ನಾಯಿಮ್'. ಮಿಶ್ನಾ ಕಾಲದ ಋಷಿಸಮಾನ ಪಂಡಿತರಿಗೆಲ್ಲ ಈ ಹೆಸರಿದೆ. ಹಿಲ್ಲೇಲನ ಪರಂಪರೆಯವರು, ಅಕೀವಾ, ಯೆಹೂದಾ ಹನಾಸಿ ಎಲ್ಲರೂ ತನ್ನಾಯಿಮ್. ಆಮೇಲಿನ ತಲೆಮಾರುಗಳಲ್ಲಿ, ಬಾಬೆಲಿನ ಸೂರಾ, ಪುಂಬೆದಿತಾ ವಿದ್ಯಾಪೀಠಗಳ ಕಾಲಕ್ಕೆ, ಅದೇ ಪದಕ್ಕೆ ಇನ್ನೊಂದು ಅರ್ಥ ಕೂಡಿಕೊಂಡಿತು. ಪಾಠವನ್ನು ಅಕ್ಷರಶಃ ಕಂಠಸ್ಥ ಮಾಡಿಕೊಂಡು, ಪಂಡಿತರು ಕೇಳಿದಾಗ ಒಪ್ಪಿಸುವ ವೃತ್ತಿಯವನೂ ತನ್ನಾ. ಸಾಲ್ ಲೀಬರ್‌ಮನ್ 1950ರ 'ಹೆಲೆನಿಸಂ ಇನ್ ಜ್ಯೂಯಿಷ್ ಪ್ಯಾಲೆಸ್ಟೈನ್' ಗ್ರಂಥದಲ್ಲಿ ಒಂದು ಮುಖ್ಯ ವಾದ ಮಂಡಿಸಿದ: ಮಿಶ್ನಾ 'ಪ್ರಕಟ'ವಾದದ್ದು ಈ ತನ್ನಾಗಳ ಬಾಯಲ್ಲಿ. ಸಂಪಾದಕರು ನಿರ್ಣಯಿಸಿದ ಪಾಠವನ್ನು ಒಬ್ಬ ತನ್ನಾನಿಗೆ, ಅವನಿಂದ ಇನ್ನೊಬ್ಬನಿಗೆ ಒಪ್ಪಿಸಿ ಹಲವು ಜೀವಂತ ಪ್ರತಿಗಳನ್ನು ಮಾಡಲಾಯಿತು. ಉಗಾರಿತಿನ ದೂತನಿಗೂ ಈ ತನ್ನಾನಿಗೂ ಧಾತು ಒಂದೇ ಎಂಬುದನ್ನು ನೆನೆದರೆ ವಾದ ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ.

ಪಂಡಿತರು ಈ ಮನುಷ್ಯನನ್ನು ನೆಚ್ಚಿಕೊಂಡಿದ್ದರು, ಜೊತೆಗೇ ಕೀಳಾಗಿಯೂ ಕಂಡರು. ಅರ್ಥವಿಚಾರವಿಲ್ಲದೆ ಪಾಠಗಳನ್ನು ಹೊತ್ತಿದ್ದವನು ಸತ್ತಾಗ ಚರಮನುಡಿಯೇನು ಎಂಬ ಪ್ರಶ್ನೆಗೆ, ಪುಸ್ತಕ ತುಂಬಿದ ಬುಟ್ಟಿಯೊಂದು ಹೋಯಿತು ಎನ್ನೋಣ ಎಂದು ರಾವ್ ನಹ್ಮಾನ್ ಅಂದದ್ದು ಮೆಗಿಲ್ಲಾದಲ್ಲಿದೆ (28ಬಿ). 'ಸೋಟಾ' ಪ್ರಕರಣ (22ಎ) ಇನ್ನೂ ಕಟುವಾಗಿ, ಬರೀ ಮಿಶ್ನಾ ನೆಚ್ಚಿ ಧರ್ಮನಿರ್ಣಯ ಕೊಡುವ ತನ್ನಾಗಳು ಲೋಕ ಕೆಡಿಸುತ್ತಾರೆ ಎನ್ನುತ್ತದೆ. ಅಲ್ಲಿಯೇ ಒಂದು ಗಾದೆಯನ್ನೂ ದಾಖಲಿಸಿದೆ: ನೆರೆಯ ಜರತುಷ್ಟ್ರ ಪುರೋಹಿತ ತಾನೇನು ಗು‌ನುಗುತ್ತೇನೆಂದು ಅರಿಯ, ಹಾಗೆಯೇ ತನ್ನಾ ತಾನೇನು ಒಪ್ಪಿಸುತ್ತೇನೆಂದು ಅರಿಯ ಎಂಬುದು ಅದರ ಭಾವ. ಅರ್ಥವಿಲ್ಲದ ಗಿಳಿಪಾಠದ ಮೇಲೆ ನಮ್ಮ ಕಾಲದ ಶಿಕ್ಷಣತಜ್ಞರು ಹೊರಿಸುವ ಆರೋಪ ಅಂದೇ ಇತ್ತು, ಅದನ್ನು ಹೊರಿಸಿದವರೂ ಬಾಯಿಪಾಠದ ಶಾಲೆಯಿಂದಲೇ ಬಂದವರು.

ಈ ಹಿನ್ನೆಲೆಯಲ್ಲಿ ರಬ್ಬಿಗಳು 'ವೆಶಿನ್ನನ್ತಾಮ್'ಗೆ ಕೊಟ್ಟ ಅರ್ಥವನ್ನು ನೋಡಬೇಕು. ಮರಳಿ ಹೇಳುವುದನ್ನೇ ಬದುಕು ಮಾಡಿಕೊಂಡವರು ಆ ಪದದಲ್ಲಿ ಮರಳಿ ಹೇಳುವುದನ್ನೇ ಕಾಣಬೇಕಿತ್ತು. ಅವರು ಕಂಡದ್ದು ಮಸೆಯುವುದನ್ನು. ಧರ್ಮೋಪದೇಶಕಾಂಡದ ಹಳೆಯ ವ್ಯಾಖ್ಯಾನವಾದ 'ಸಿಫ್ರೆ'ಯೂ ತಲ್ಮೂದಿನ 'ಕಿದ್ದೂಶೀನ್' ಪ್ರಕರಣವೂ (30ಎ) ಹೇಳುವಂತೆ ಶಾಸ್ತ್ರದ ಮಾತುಗಳು ಬಾಯಲ್ಲಿ ಹರಿತವಾಗಿರಬೇಕು; ಯಾರಾದರೂ ಏನಾದರೂ ಕೇಳಿದರೆ ತಡವರಿಸದೆ ತಕ್ಷಣ ಉತ್ತರ ಕೊಡುವಂತಿರಬೇಕು. ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ರಾಶಿ (1040–1105) ಇದನ್ನೇ ಎತ್ತಿಕೊಂಡ, ಇಂದಿಗೂ ಯೆಹೂದ್ಯ ಮಕ್ಕಳು ಮೊದಲು ಕಲಿಯುವುದು ಅವನ ವ್ಯಾಖ್ಯಾನವನ್ನೇ. ಮರಳಿ ಹೇಳುವುದು ಅವರಿಗೆ ದಿನನಿತ್ಯದ ಗಾಳಿಯಂತೆ ಗೊತ್ತಿದ್ದ ಕ್ರಮ, ಅದನ್ನು ವಿಧಿಯಾಗಿ ಹೇಳುವ ಅಗತ್ಯ ಕಾಣಲಿಲ್ಲ. ಅವರು ಕೇಳಿದ್ದು ಅದರ ಫಲವನ್ನು. ಇದು ನನ್ನ ಊಹೆ, ಆದರೆ ಸೋಟಾ ಪ್ರಕರಣದ ಅಸಮಾಧಾನ ಇದಕ್ಕೆ ಒತ್ತಾಸೆ ಕೊಡುತ್ತದೆ. ಬುಟ್ಟಿ ತುಂಬಿಕೊಂಡರಾಗದು, ಕೇಳಿದ್ದಕ್ಕೆ ಉತ್ತರ ಬರಬೇಕು.

ಕಿದ್ದೂಶೀನ್ ಅಲ್ಲಿಗೇ ನಿಲ್ಲಿಸದೆ ಇನ್ನೊಂದು ಚಮತ್ಕಾರ ಮಾಡುತ್ತದೆ. 'ವೆಶಿನ್ನನ್ತಾಮ್' ಎಂದು ಓದಬೇಡ, 'ವೆಶಿಲ್ಲಶ್ತಾಮ್' ಎಂದು ಓದು, ಅಂದರೆ ಮೂರು ಪಾಲು ಮಾಡು ಎನ್ನುತ್ತದೆ. ಆಯುಷ್ಯದ ಒಂದು ಪಾಲು ಬೈಬಲಿಗೆ, ಒಂದು ಮಿಶ್ನಾಗೆ, ಒಂದು ತಲ್ಮೂದಿಗೆ. ಈ ಶ್ಲೇಷೆ ನಡೆಯಬೇಕಾದರೆ ಮೊದಲ ಪದದಲ್ಲಿ 'ಎರಡು' ಕೇಳಿಸುತ್ತಿರಬೇಕು. ಎರಡನ್ನು ಮೂರಕ್ಕೆ ಏರಿಸುವುದರಲ್ಲೇ ಅದರ ಸ್ವಾರಸ್ಯ. ಎಲೀಯನ 'ಶೆನು', 'ಶಲ್ಲೇಶು' ಜೋಡಿಯೇ ಇಲ್ಲಿ ಮತ್ತೆ ಆಡಿದೆ. ಬಾಯಲ್ಲಿ ಮಸೆಯುವ ಅರ್ಥ ಹೇಳಿದವರ ಕಿವಿ ಮರಳಿಸುವ ಅರ್ಥವನ್ನೂ ಕೇಳುತ್ತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅನುವಾದಗಳಲ್ಲಿ

ಹೀಬ್ರೂವಿನಿಂದ ಹೊರಗೆ ಹೋದ ಕೂಡಲೇ ಪದ ಒಂದು ಕಡೆ ವಾಲಲೇಬೇಕಾಯಿತು. ಕ್ರಿ.ಪೂ. ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ಗ್ರೀಕ್ ಅನುವಾದ, ಸೆಪ್ಟುವಜಿಂಟ್, 'ಮುಂದಕ್ಕೆ ನಡೆಸು' ಎಂಬ ಕ್ರಿಯಾಪದ ಹಾಕಿತು. ಮತ್ತಾಯನ ಸುವಾರ್ತೆಯಲ್ಲಿ (14:8) ಹೆರೋದ್ಯಳು ಮಗಳಿಗೆ ಹೇಳಿಕೊಟ್ಟು ಕಳಿಸಿದಳೆನ್ನುವಾಗಲೂ ಅದೇ ಗ್ರೀಕ್ ಕ್ರಿಯಾಪದ ಬರುತ್ತದೆ. ಜೆರೋಮ್ ಲ್ಯಾಟಿನ್‌ನಲ್ಲಿ 'ಹೇಳು, ವಿವರಿಸು' ಎಂದು ಸುಮ್ಮನಾದ. ಲೂಥರ್ ಜರ್ಮನ್‌ನಲ್ಲಿ ಮಸೆಯುವ ಪದವನ್ನೇ ಇಟ್ಟ. ಆ ಜಾಡಿನ 'ಐನ್‌ಶೆರ್ಫೆನ್' ಜರ್ಮನ್ನರ ಬಾಯಲ್ಲಿ ಇಂದಿಗೂ 'ಚೆನ್ನಾಗಿ ಮನಗಾಣಿಸು' ಎಂಬರ್ಥದ ಸಾದಾ ಮಾತು. 1611ರ ಇಂಗ್ಲಿಷ್ ಅನುವಾದಕರು ಶ್ರದ್ಧೆಯಿಂದ ಕಲಿಸು ಎಂದು ಬರೆದು, ಹೀಬ್ರೂವಿನಲ್ಲಿರುವುದು ಮಸೆಯುವ ಪದ ಎಂದು ಅಂಚಿನಲ್ಲಿ ಟಿಪ್ಪಣಿ ಹಾಕಿದರು.

ಇಸ್ರೇಲಿನ ಇಂದಿನ ಹೀಬ್ರೂವಿನಲ್ಲಿ ಎರಡೂ ಅರ್ಥಗಳಿಗೆ ಬೇರೆಬೇರೆ ಮನೆ ಸಿಕ್ಕಿದೆ. 'ಶಾನೂನ್' ಎಂದರೆ ಚುರುಕು, ಹರಿತ. ಮಾತಿನ ಚಾಟಿಗೆ, ಬುದ್ಧಿಗೆ ಬಳಸುತ್ತಾರೆ. ನಮ್ಮ ಪದದಿಂದ ನೇರವಾಗಿ ಬಂದ 'ಶಿನ್ನೇನ್' ಎಂದರೆ ಉರು ಹೊಡೆ, ಅದರ ನಾಮಪದ 'ಶಿನ್ನೂನ್' ಎಂದರೆ ಬಾಯಿಪಾಠ ಮಾಡುವುದು. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳು ಮಾಡುವ ಕೆಲಸ ಅದು.

ಕನ್ನಡ ಬೈಬಲಿನ ಅನುವಾದಗಳಲ್ಲೂ ಒಂದೇ ದಾರಿಯಿಲ್ಲ. ಒಂದರಲ್ಲಿ 'ಬೋಧಿಸು' ಎಂಬ ಕ್ರಿಯಾಪದವಿದೆ, ಬಹಳ ಕಾಲದಿಂದ ಸಭೆಗಳಲ್ಲಿ ಬಳಕೆಯಲ್ಲಿರುವ ಇನ್ನೊಂದರಲ್ಲಿ 'ಅಭ್ಯಾಸಮಾಡಿಸು' ಎಂದಿದೆ. ಎರಡನೆಯದನ್ನು ಆರಿಸಿದವರು ತಿಳಿದು ಆರಿಸಿದರೋ, ಕನ್ನಡದ ಜಾಯಮಾನಕ್ಕೆ ಒಪ್ಪಿತೆಂದು ಆರಿಸಿದರೋ, ಪದವಂತೂ ಗುರಿ ಮುಟ್ಟಿದೆ. ಸಂಸ್ಕೃತದಲ್ಲಿ 'ಅಭ್ಯಾಸ'ಕ್ಕೆ ಮರಳಿ ಮರಳಿ ಮಾಡುವುದು ಎಂಬುದೇ ಮುಖ್ಯಾರ್ಥ. ಪಾಣಿನಿ (6.1.4) ದ್ವಿರುಕ್ತಿಯಾದ ಧಾತುವಿನ ಮೊದಲ ಭಾಗವನ್ನು ಅಭ್ಯಾಸ ಎಂದು ಕರೆದ, 'ದದಾತಿ'ಯ ಮೊದಲ ದಕಾರ ಅಭ್ಯಾಸ. ಗಣಿತದಲ್ಲಿ ಅದು ಗುಣಾಕಾರ. ವೇದಾಂತಿಗಳು ಗ್ರಂಥದ ತಾತ್ಪರ್ಯ ನಿರ್ಣಯಿಸುವ ಆರು ಲಿಂಗಗಳಲ್ಲಿ ಅಭ್ಯಾಸವನ್ನೂ ಎಣಿಸಿದರು, ಒಂದೇ ಮಾತು ಮತ್ತೆಮತ್ತೆ ಬಂದರೆ ಅದೇ ಗ್ರಂಥದ ಹೃದಯ ಎಂದು. ಗುರು ಒಮ್ಮೆ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳುವ 'ಸಂಥೆ'ಯ ಕ್ರಮ ನಮ್ಮ ವೇದಪಾಠಶಾಲೆಗಳಲ್ಲಿ ಇಂದಿಗೂ ನಡೆದಿದೆ. ಮಗ್ಗಿ ಕಲಿತ ಕನ್ನಡಿಗರಿಗೆ ಅಭ್ಯಾಸ ಮಾಡಿಸುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಗ್ರೀಕ್, ಲ್ಯಾಟಿನ್, ಜರ್ಮನ್, ಇಂಗ್ಲಿಷ್ ಅನುವಾದಗಳ ಜೊತೆ ಇಟ್ಟು ನೋಡಿದರೆ, ಓಂಕೆಲೋಸನ ಅರಮಾಯಿಕ್ ಬಿಟ್ಟರೆ ಮೂಲಕ್ಕೆ ಅತ್ಯಂತ ಸಮೀಪ ಬಂದಿರುವುದು ಈ ಕನ್ನಡ ಪದ. ಸರಳಗನ್ನಡದ ಹೆಸರಿನಲ್ಲಿ ಹೊಸ ಪರಿಷ್ಕರಣಗಳು ಬರುವ ಕಾಲ ಇದು. ಪರಿಷ್ಕರಿಸುವವರು ಆ ವಚನಕ್ಕೆ ಬಂದಾಗ 'ಅಭ್ಯಾಸಮಾಡಿಸು' ಎಂಬುದನ್ನು ತೆಗೆದು 'ಕಲಿಸು' ಎಂದು ಹಾಕದಿರಲಿ.